ಹಿನ್ನೆಲೆ ಎಷ್ಟು ಬ್ಲರ್ ಮಾಡ್ಬೇಕು? ರೇಷ್ಮೆ ಹುಳದ ಮನೆ ಫೋಟೋಗಳಿಗೆ ಸಲಹೆ ಕೊಡಿ

ಚಂದ್ರಿಕೆ (ಶಿಡ್ಲಘಟ್ಟ)
ಎಲ್ರಿಗೂ ನಮಸ್ಕಾರ. ನಮ್ದು ಶಿಡ್ಲಘಟ್ಟ ಪಕ್ಕದ ಹಳ್ಳಿ, ಮನೇಲಿ ರೇಷ್ಮೆ ಸಾಕ್ತೀವಿ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್, ಆಮೇಲೆ ತಗೊಂಡ 50 ಎಂಎಂ ಎಫ್ 1.8. ಮರಿ ಹುಳದಿಂದ ಹಿಡಿದು ನೂಲು ಬಿಚ್ಚೋ ತನಕ ಒಂದು ಚಿತ್ರ ಸರಣಿ ಮಾಡೋ ಆಸೆ.

ಹುಳದ ಮನೇಲಿ ಬೆಳಕು ಕಮ್ಮಿ. ಹುಳದ ಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣ ಬರಬಾರದು ಅಂತ ಕಿಟಕಿಗೆಲ್ಲಾ ನೈಲಾನ್ ಪರದೆ ಬಿಗಿದಿದ್ದೀವಿ. ಫ್ಲಾಶ್ ಹೊಡೆಯೋಕೆ ಅಪ್ಪ ಬಿಡಲ್ಲ. ಹಂಗಾಗಿ ಯಾವಾಗ್ಲೂ 50 ಹಾಕಿ 1.8ಕ್ಕೆ, ಅಂದ್ರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದು ತೆಗೀತೀನಿ. ಮುಂದೆ ಒಂದು ಹುಳ ಇಲ್ಲಾಂದ್ರೆ ಒಂದು ಕೈ ಶಾರ್ಪು, ಹಿಂದೆ ಏನಿದೆ ಅಂತ ದೇವರಿಗೇ ಗೊತ್ತು. ಇನ್‌ಸ್ಟಾದಲ್ಲಿ ಲೈಕ್ ಚೆನ್ನಾಗೇ ಬರ್ತಿದೆ. ಆದ್ರೆ ಹಿರಿಯರೊಬ್ಬರು ನೋಡಿ "ಚೆನ್ನಾಗೈತೆ ಕಣಪ್ಪ, ಇದು ಯಾವೂರು?" ಅಂದ್ರು. ಅದು ತಲೇಲೇ ಕೂತಿದೆ.

ಕಿಂಡಿ ಸಣ್ಣ ಮಾಡಿ ಎಫ್ 8ಕ್ಕೆ ಹೋದ್ರೆ ಬೆಳಕು ಸಾಲದೆ ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯೋ ಚುರುಕು) ಆಕಾಶಕ್ಕೆ ಹೋಗುತ್ತೆ. ಏನು ಮಾಡ್ಲಿ? ಬ್ಲರ್ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ನೀವೆಲ್ಲ ಹೆಂಗೆ ತೀರ್ಮಾನ ಮಾಡ್ತೀರಿ?

ಮೊಬೈಲೇ ಸಾಕು
ಅಣ್ಣ, ಫೋನಲ್ಲಿ ಪೋರ್ಟ್ರೇಟ್ ಮೋಡ್ ಹಾಕಿ ಹೊಡೀರಿ. ತೆಗೆದ ಮೇಲೂ ಬ್ಲರ್ ಜಾಸ್ತಿ ಕಮ್ಮಿ ಮಾಡ್ಕೋಬಹುದು. 50 ಎಂಎಂ ಮಾರಿ ಗೂಡು ತುಂಬೋ ಚೀಲ ತಗೊಳ್ಳಿ 😄

ಚಿಂತಾಮಣಿ ಕ್ಯಾಂಡಿಡ್
ಲೈಕ್ ಬರ್ತಿದೆ ಅಂದ್ರೆ ಸರಿಯಾಗೇ ಮಾಡ್ತಿದ್ದೀರಿ ಅಂತ ಅರ್ಥ. ಬ್ಲರ್ ಇಲ್ಲ ಅಂದ್ರೆ ಜನ ಅದನ್ನ ಫೋಟೋ ಅನ್ನೋದೇ ಇಲ್ಲ ಈಗ. ನಾನು ಮದುವೆ ಮಾಡೋನು, ಗಿರಾಕಿಗಳು ಮೊದಲು ಕೇಳೋದೇ "ಸಾರ್, ಹಿಂದೆ ಬ್ಲರ್ ಬರುತ್ತಾ?"

ಲೆಕ್ಕದ ಮೇಷ್ಟ್ರು (ಚಿಕ್ಕಬಳ್ಳಾಪುರ)
1.8ನ್ನ ಸುಮ್ನೆ ಬೈಬೇಡಿ. ನೀವು ತುಂಬಾ ಹತ್ರ ನಿಂತಿದ್ದೀರಿ.

ಕ್ರಾಪ್ ಸೆನ್ಸರ್‌ನಲ್ಲಿ 0.02 ಮಿಮೀ ತನಕದ ಮಸುಕು ಕಣ್ಣಿಗೆ ಶಾರ್ಪ್ ಅಂತಲೇ ಕಾಣುತ್ತೆ ಅಂತ ಇಟ್ಕೊಂಡು ಲೆಕ್ಕ ಹಾಕಿ. 50 ಎಂಎಂ, ಎಫ್ 1.8. 1 ಮೀಟರ್ ದೂರದಲ್ಲಿ ಶಾರ್ಪಾಗಿ ಸಿಗೋ ಆಳ ಸುಮಾರು 3 ಸೆಂಮೀ. 2 ಮೀಟರ್‌ನಲ್ಲಿ 11-12 ಸೆಂಮೀ. 3 ಮೀಟರ್‌ನಲ್ಲಿ 26 ಸೆಂಮೀ. ದೂರ ಎರಡರಷ್ಟಾದ್ರೆ ಆಳ ನಾಲ್ಕರಷ್ಟು. ಐಎಸ್‌ಒ ಒಂದು ಚೂರೂ ಏರಿಸಿಲ್ಲ, ಹಿಂದಕ್ಕೆ ಸರಿದಿದ್ದೀರಿ ಅಷ್ಟೇ.

ಇನ್ನು ಮೂಲೇಲಿ ಬಿದ್ದಿರೋ ಆ ಕಿಟ್ ಲೆನ್ಸು. 18 ಎಂಎಂ, ಎಫ್ 3.5, 2 ಮೀಟರ್‌ಗೆ ಫೋಕಸ್ ಮಾಡಿ. 1.4 ಮೀಟರಿಂದ 3.5 ಮೀಟರ್ ತನಕ ಎಲ್ಲಾ ಶಾರ್ಪು. ಒಂದು ತಟ್ಟೆ ಸಾಲು, ಸೊಪ್ಪು ಹಾಕ್ತಿರೋ ಮನುಷ್ಯ, ಹಿಂದಿನ ಗೋಡೆ, ಮೂರೂ ಬರುತ್ತೆ. 1.8ಕ್ಕಿಂತ ಬೆಳಕು ಹತ್ತಿರ ಹತ್ತಿರ ಎರಡು ಸ್ಟಾಪ್ ಕಮ್ಮಿ, ಅಂದ್ರೆ ಸುಮಾರು ಕಾಲು ಭಾಗ ಬೆಳಕು. ವೈಡ್ (ಹೆಚ್ಚು ಅಗಲ ತೋರಿಸೋ ಲೆನ್ಸು) ಇರೋದ್ರಿಂದ ಕೈ ನಡುಕವೂ ಅಷ್ಟು ಕಾಣಲ್ಲ, ಶಟರ್ ಸ್ವಲ್ಪ ನಿಧಾನ ಮಾಡಬಹುದು. ಎಫ್ 8 ಯಾಕೆ ಬೇಕು ನಿಮಗೆ?

ಬಾಗೇಪಲ್ಲಿ ಬಿಸಿಲು
ಮೇಷ್ಟ್ರು ಬಂದ್ರು, ಪೀರಿಯಡ್ ಶುರು 🙏

ಹಳೇ ರೋಲು
ಮೇಷ್ಟ್ರು ಹೇಳಿದ್ದು ಸರಿ, ಆದರೆ ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು. ಕ್ಯಾಮೆರಾ ಕಣ್ಣಿಗೆ ಇಡೋಕೆ ಮುಂಚೆ "ಈ ಚಿತ್ರದಲ್ಲಿ ಹಿಂದಿರೋದು ಏನು ಅಂತ ನೋಡುವವನಿಗೆ ಗೊತ್ತಾಗಬೇಕಾ?" ಅಂತ ಕೇಳ್ಕೊಳ್ಳಿ. ಗೊತ್ತಾಗಬೇಕು ಅಂದ್ರೆ ಎಷ್ಟರ ಮಟ್ಟಿಗೆ? ಹೆಸರು ಹಿಡಿದು ಹೇಳೋ ಅಷ್ಟಾ, ಬರೀ ಆಕಾರ ತಿಳಿದರೆ ಸಾಕಾ? ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಎಫ್ ನಂಬರ್ ತಾನಾಗೇ ಬರುತ್ತೆ. ಈಗಿನ ಹುಡುಗರು ಮೊದಲು 1.8ಕ್ಕೆ ತಿರುಗಿಸಿ, ಆಮೇಲೆ ವಿಷಯ ಹುಡುಕ್ತಾರೆ.

ನಮ್ಮ ಕಾಲದ ಲೆನ್ಸ್ ಮೇಲೆ ಎಲ್ಲಿಂದ ಎಲ್ಲಿ ತನಕ ಶಾರ್ಪು ಅಂತ ತೋರಿಸೋ ಆಳದ ಗೀಟು ಕೆತ್ತಿರ್ತಿತ್ತು. ಫಿಲಂನ ಕಾಲದಲ್ಲಿ ಸಂತೆಗೆ ಹೋದ್ರೆ 35 ಎಂಎಂ ಲೆನ್ಸು, ಎಫ್ 8, ಫೋಕಸ್ 3 ಮೀಟರ್‌ಗೆ ಇಟ್ಟು ಬಿಡ್ತಿದ್ವಿ. 2 ಮೀಟರಿಂದ 7 ಮೀಟರ್ ತನಕ ಏನು ನಡೆದ್ರೂ ಸಿಗ್ತಿತ್ತು. ಫೋಕಸ್ ತಿರುಗಿಸೋ ಮಾತೇ ಇಲ್ಲ, ಕಣ್ಣು ಪೂರ್ತಿ ಜನರ ಮೇಲೆ.

ಚಿಂತಾಮಣಿ ಕ್ಯಾಂಡಿಡ್
ಸಾರ್, ಸಂತೆಗೆ ಸರಿ. ಕಲ್ಯಾಣ ಮಂಟಪದಲ್ಲಿ ಎಫ್ 8 ಹಾಕಿದ್ರೆ ಹಿಂದೆ ಪ್ಲಾಸ್ಟಿಕ್ ಕುರ್ಚಿ, ಎಕ್ಸಿಟ್ ಬೋರ್ಡು, ಫೋನ್ ಎತ್ತಿ ಹಿಡಿದಿರೋ ಹತ್ತು ಕೈ ಎಲ್ಲಾ ಬರುತ್ತೆ. ಬ್ಲರ್ ಮಾಡದೆ ವಿಧಿ ಇಲ್ಲ.

ಹಳೇ ರೋಲು
ಕುರ್ಚಿ ಬರದ ಹಾಗೆ ಪಕ್ಕಕ್ಕೆ ಸರಿದು ನಿಲ್ಲೋಕೆ ಆಗಲ್ವೇನಪ್ಪಾ?

ಚಿಂತಾಮಣಿ ಕ್ಯಾಂಡಿಡ್
ಪಕ್ಕಕ್ಕೆ ಸರಿದ್ರೆ ವಿಡಿಯೋದವನು ಬೈತಾನೆ 😅

ಆದ್ರೂ ಒಂದು ಕಥೆ ಹೇಳ್ತೀನಿ. ಒಂದು ಮದುವೆ ಆಲ್ಬಂ ಕೊಡೋಕೆ ಹೋದಾಗ ಹುಡುಗಿ ಸೋದರಮಾವ ಪುಟ ತಿರುಗಿಸ್ತಾ ತಿರುಗಿಸ್ತಾ ಮುಖ ಗಂಟು ಹಾಕ್ಕೊಂಡ್ರು. "ಮಂಟಪಕ್ಕೆ ಸೇವಂತಿಗೆ ಹೂವಿನ ಅಲಂಕಾರ ಮಾಡಿಸಿದ್ದು ನಾನು. ಲಕ್ಷ ಮೇಲಾಗಿದೆ. ಎಲ್ಲಪ್ಪಾ ಹೂವು? ಹಳದಿ ಚುಕ್ಕೆ ಬಿಟ್ರೆ ಏನೂ ಇಲ್ಲ!" ಅಂದ್ರು. ನಾನು ಏನು ಹೇಳ್ಲಿ? ಅವತ್ತಿಂದ ಧಾರೆ ಸಮಯದಲ್ಲಿ ಒಂದು ಸೆಟ್ 85 ಎಂಎಂ ಲೆನ್ಸಲ್ಲಿ, ಒಂದು ಸೆಟ್ ವೈಡಲ್ಲಿ ಎಫ್ 5.6ಗೆ. ಮಾವಂದಿರಿಗೆ ಒಂದು, ಮದುಮಗಳಿಗೆ ಒಂದು.

ಧಾರೆಗೇ ಬರ್ತೀನಿ. ಫುಲ್ ಫ್ರೇಮ್ (35 ಎಂಎಂ ಫಿಲಂ ಅಳತೆಯ ಸೆನ್ಸರ್), 85 ಎಂಎಂ, 1.8, 2 ಮೀಟರ್ ಅಂದ್ರೆ ಆಳ ಬರೀ 6 ಸೆಂಮೀ. ಹಾಲು ಬೀಳ್ತಿರೋ ತೆಂಗಿನಕಾಯಿಗೆ ಫೋಕಸ್ ಮಾಡಿದ್ರೆ ಹಿಂದಿನ ಮುಖ ಕರಗುತ್ತೆ. ಆದ್ರೆ ಆ ಕರಗಿದ ಮುಖದಲ್ಲೂ ಹುಡುಗಿ ತಲೆ ಬಗ್ಗಿಸಿರೋದು ಗೊತ್ತಾಗುತ್ತೆ. ಬ್ಲರ್ ಅಲ್ಲಿ ಕೆಲಸ ಮಾಡುತ್ತೆ ಅಂತ ನನ್ನ ವಾದ.

ಹಳೇ ರೋಲು
ಅದನ್ನ ಒಪ್ತೀನಿ. ಅಲ್ಲಿ ಏನು ಬಿಡ್ತಿದ್ದೀರಿ, ಯಾಕೆ ಬಿಡ್ತಿದ್ದೀರಿ ಅಂತ ನಿಮಗೆ ಗೊತ್ತಿದೆ.

ಮೊಬೈಲೇ ಸಾಕು
ನನ್ನ ಮಾತು ಯಾರೂ ಕೇಳ್ತಿಲ್ಲ ಇಲ್ಲಿ.

ಮೊಗ್ಗಿನ ಜಡೆ (ಗೌರಿಬಿದನೂರು)
ಕೇಳ್ತಿದ್ದೀವಿ ತಮ್ಮಾ. ಆದ್ರೆ ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ ಇದೆಯಲ್ಲ, ಚಂದ್ರಿಕೆ, ಅದರ ಮುಂದೆ ಯಾರನ್ನಾದ್ರೂ ನಿಲ್ಲಿಸಿ ಪೋರ್ಟ್ರೇಟ್ ಮೋಡ್ ಹೊಡೆದು ನೋಡಿದ್ದೀಯಾ? ಫೋನ್ ಸೆನ್ಸರ್ ಚಿಕ್ಕದು, ಅದರ ಲೆನ್ಸಿಗೆ ಎಲ್ಲಾ ಶಾರ್ಪಾಗೇ ಕಾಣೋದು. ಮನುಷ್ಯ ಎಲ್ಲಿ ಮುಗಿದ, ಹಿನ್ನೆಲೆ ಎಲ್ಲಿ ಶುರುವಾಯ್ತು ಅಂತ ಲೆಕ್ಕ ಹಾಕಿ ಆಮೇಲೆ ಮಸುಕು ಬಳಿಯುತ್ತೆ. ಬಿದಿರಿನ ಹೆಣಿಗೆ ಸಂದಿಗಳಲ್ಲಿ ಅದಕ್ಕೆ ದಾರಿ ತಪ್ಪುತ್ತೆ. ಒಂದು ಸಂದಿ ಮಸುಕು, ಪಕ್ಕದ ಸಂದಿಯಲ್ಲಿ ಹಿಂದಿನ ಗೋಡೆ ಸುಣ್ಣದ ಬಿರುಕು ಸಮೇತ ಶಾರ್ಪು! ಮಲ್ಲಿಗೆ ಮುಡಿದ ಜಡೆ ತೆಗೆದ್ರೂ ಇದೇ ಕಥೆ. ತುದೀಲಿರೋ ಒಂದೆರಡು ಮೊಗ್ಗು ಮಾಯ.

ಚಂದ್ರಿಕೆ ಅವರೇ, ನಾನು ಮ್ಯಾಕ್ರೋ (ತೀರಾ ಹತ್ತಿರದಿಂದ ಸಣ್ಣ ವಸ್ತು ತೆಗೆಯೋದು) ಮಾಡೋಳು, ನಿಮ್ಮ ಹುಳದ ಬಗ್ಗೆ ಹೇಳ್ತೀನಿ. ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದು ಚೆನ್ನಾಗಿ ತಿಂದ ಹುಳ ಏಳೆಂಟು ಸೆಂಮೀ ಉದ್ದ ಇರುತ್ತೆ. ಅದನ್ನ ತಲೆ ಕಡೆಯಿಂದ ತೆಗೆದ್ರೆ ಬಾಯಿ ಮಾತ್ರ ಸಿಗುತ್ತೆ, ಮೈಯೆಲ್ಲಾ ಹೋಯ್ತು. ಪಕ್ಕದಿಂದ, ಹುಳದ ಮೈ ಸೆನ್ಸರ್‌ಗೆ ಸಮಾನಾಂತರ ಬರೋ ಹಾಗೆ ಹಿಡೀರಿ. ಆಗ ಎಫ್ 4ರಲ್ಲೂ ತಲೆಯಿಂದ ಬಾಲದ ಕೊಂಬಿನ ತನಕ ಸಿಗುತ್ತೆ, ಸೊಪ್ಪು ಮಾತ್ರ ಹಿಂದಕ್ಕೆ ಕರಗುತ್ತೆ. ಆಳ ಹೆಚ್ಚಾಗಿಲ್ಲ. ಇರೋ ಆಳದೊಳಗೆ ಹುಳಾನ ಮಲಗಿಸಿದ್ದೀರಿ.

ಮುಂದೆ ನಿಜವಾದ ಮ್ಯಾಕ್ರೋ ಲೆನ್ಸ್ ತಗೊಂಡ್ರೆ, 1:1 ಗಾತ್ರಕ್ಕೆ, ಅಂದ್ರೆ ವಸ್ತು ಎಷ್ಟಿದೆಯೋ ಸೆನ್ಸರ್ ಮೇಲೂ ಅಷ್ಟೇ ಬರೋ ಹಾಗೆ ಹೋದಾಗ ಎಫ್ 8ರಲ್ಲೂ ಆಳ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಅಷ್ಟೇ. ಹಣ್ಣಾದ (ಗೂಡು ಕಟ್ಟೋಕೆ ತಯಾರಾದ) ಹುಳ ತಲೆ ಎತ್ತಿ ಎಂಟರ ಆಕಾರದಲ್ಲಿ ಆಡಿಸ್ತಾ ನೂಲು ಹಾಕುತ್ತಲ್ಲ, ಅದಕ್ಕೆ ಫೋಕಸ್ ಹಿಡಿಯೋಕೆ ಹೋಗ್ಬೇಡಿ. ನೂಲು ಅಂಟಿರೋ ಬಿದಿರಿಗೆ ಫೋಕಸ್ ಲಾಕ್ ಮಾಡಿ ಕಾಯ್ತಾ ಇರಿ. ತಲೆ ಆ ಜಾಗಕ್ಕೆ ಬಂದಾಗ ಒತ್ತಿ.

ಚಂದ್ರಿಕೆ (ಶಿಡ್ಲಘಟ್ಟ)
ಅಕ್ಕಾ, ಬಾಲದ ಕೊಂಬು ಅಂತ ಬರೆದಿದ್ದು ನೋಡಿ ಖುಷಿ ಆಯ್ತು. ಹುಳ ನೋಡಿರೋರಿಗೆ ಮಾತ್ರ ಗೊತ್ತಿರೋದು ಅದು.

ಮೊಗ್ಗಿನ ಜಡೆ (ಗೌರಿಬಿದನೂರು)
ತವರು ಮನೇಲಿ ನಾವೂ ಸಾಕ್ತಿದ್ವಿ. ಸೊಪ್ಪು ಕೊಯ್ದು ಕೊಯ್ದು ಬೆರಳೆಲ್ಲಾ ಕಪ್ಪು.

ಬಾಗೇಪಲ್ಲಿ ಬಿಸಿಲು
ಗೂಡಿನ ರೇಟು ಹೆಂಗೈತೆ ಈ ವಾರ?

ಚಂದ್ರಿಕೆ (ಶಿಡ್ಲಘಟ್ಟ)
ಅದನ್ನ ಕೇಳ್ಬೇಡಿ ಅಣ್ಣ, ಫೋಟೋ ತೆಗೆಯೋ ಮನಸ್ಸೇ ಹೋಗುತ್ತೆ.

ಟೊಮೇಟೊ ಮಂಡಿ (ಕೋಲಾರ)
ಎಲ್ಲಾ ಶಾರ್ಪ್ ಬೇಕು ಅಂದ್ರೆ ಎಫ್ 22 ಹಾಕಿ ಟ್ರೈಪಾಡ್ ಇಡಿ, ಮುಗೀತು. ಫೋಕಸ್ ಚಿತ್ರದ ಮೂರನೇ ಒಂದು ಭಾಗಕ್ಕೆ. ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಶಾರ್ಪ್ ಬರುತ್ತೆ. ಇಷ್ಟಕ್ಕೆ ಇಷ್ಟು ಉದ್ದ ಯಾಕೆ ಎಳೀತೀರಿ?

ಲೆಕ್ಕದ ಮೇಷ್ಟ್ರು (ಚಿಕ್ಕಬಳ್ಳಾಪುರ)
ಎರಡೂ ಅರ್ಧಂಬರ್ಧ ಸತ್ಯ.

ಒಂದಕ್ಕೆ ಎರಡು ಅನ್ನೋ ಪಾಲು ಒಂದೇ ಒಂದು ದೂರದಲ್ಲಿ ಸರಿ, ಹೈಪರ್‌ಫೋಕಲ್ ದೂರದ (ಫೋಕಸ್ ಇಟ್ರೆ ದಿಗಂತದ ತನಕ ಶಾರ್ಪ್ ಸಿಗೋ ಅತಿ ಹತ್ತಿರದ ದೂರ) ಮೂರನೇ ಒಂದರಲ್ಲಿ. ಹತ್ತಿರದ ವಸ್ತುವಿಗೆ ಹೋದ್ರೆ ಮುಂದೆ ಹಿಂದೆ ಹೆಚ್ಚು ಕಡಿಮೆ ಸಮಪಾಲು. ಹುಳದ ಫೋಟೋಗೆ ಮೂರನೇ ಒಂದು ಅಂತ ಹೋದ್ರೆ ಕೈ ಸುಟ್ಕೊಳ್ತೀರಿ. ಬಯಲಿಗೆ ಬಂದ್ರೆ 18 ಎಂಎಂ, ಎಫ್ 8ಕ್ಕೆ ಹೈಪರ್‌ಫೋಕಲ್ ಸುಮಾರು 2 ಮೀಟರ್. ಅಲ್ಲಿಗೆ ಫೋಕಸ್ ಇಟ್ರೆ 1 ಮೀಟರಿಂದ ಹಿಡಿದು ದಿಗಂತದ ತನಕ ಶಾರ್ಪು. 22ರ ಅಗತ್ಯವೇ ಬೀಳಲ್ಲ.

22ರಲ್ಲಿ ಬೆಳಕು ಸಣ್ಣ ಕಿಂಡೀಲಿ ನುಗ್ಗುವಾಗ ಹರಡುತ್ತೆ. ಒಂದೊಂದು ಬಿಂದುವೂ ಸೆನ್ಸರ್ ಮೇಲೆ ಸುಮಾರು 0.03 ಮಿಮೀ ಅಗಲದ ಬಿಲ್ಲೆ ಆಗುತ್ತೆ. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ 0.004 ಮಿಮೀ. ಅಂದ್ರೆ ಮುಂದಿನಿಂದ ಹಿಂದಿನ ತನಕ ಎಲ್ಲಾನೂ ಒಂದೇ ಸಮ ಮಂಕು.

ಟೊಮೇಟೊ ಮಂಡಿ (ಕೋಲಾರ)
ಹಂಗಾದ್ರೆ ಅಮೆರಿಕದಲ್ಲಿ ಎಫ್ 64 ಅಂತ ಗುಂಪೇ ಕಟ್ಕೊಂಡಿದ್ರಲ್ಲ, ಅವ್ರೆಲ್ಲ ದಡ್ಡರಾ?

ಹಳೇ ರೋಲು
ಒಳ್ಳೇ ಪ್ರಶ್ನೆ. ಆ ಗುಂಪು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1932ರಲ್ಲಿ ಆಗಿದ್ದು. ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಎಲ್ಲ ಇದ್ದರು. ಅದಕ್ಕೆ ಮುಂಚೆ ಫೋಟೋ ಅಂದ್ರೆ ಪೇಂಟಿಂಗ್ ಥರ ಮಸುಕು ಮಸುಕಾಗಿ ಇದ್ದರೇ ಕಲೆ ಅನ್ನೋ ಹುಚ್ಚು. ಅದರ ವಿರುದ್ಧ ಇವರು ಎದ್ದು ನಿಂತರು. ಈಗ ನೋಡಿ, ಮಸುಕಿನ ಹುಚ್ಚು ಮತ್ತೆ ಬಂದಿದೆ, ಈ ಸಲ ಲೆನ್ಸ್ ಕಂಪನಿಗಳ ಜೊತೆ ಸೇರ್ಕೊಂಡು.

64 ಅವರಿಗೆ ಯಾಕೆ ನಡೀತು ಅಂದ್ರೆ ನೆಗೆಟಿವ್ವೇ 8 ಇಂಚು, 10 ಇಂಚು. ವೆಸ್ಟನ್ ಅದನ್ನ ಹಿಗ್ಗಿಸದೆ ಕಾಗದದ ಮೇಲಿಟ್ಟು ಅದೇ ಅಳತೆಗೆ ಪ್ರಿಂಟ್ ತೆಗೀತಿದ್ದ. ನಮ್ಮದು ಉಗುರಿನಷ್ಟು ಸೆನ್ಸರ್, ಗೋಡೆಯಷ್ಟು ಹಿಗ್ಗಿಸ್ತೀವಿ.

ಟೊಮೇಟೊ ಮಂಡಿ (ಕೋಲಾರ)
ಸರಿ ಸಾರ್, ಒಪ್ಪಿದೆ. ಆದ್ರೆ ನೀವು ಚಿಕ್ಕಬಳ್ಳಾಪುರದವ್ರು 2007ರ ತನಕ ನಮ್ಮ ಜಿಲ್ಲೇನೇ, ಅದನ್ನ ಮರೀಬೇಡಿ 😎

ಬಾಗೇಪಲ್ಲಿ ಬಿಸಿಲು
ಜಿಲ್ಲೆ ಕೊಟ್ರಿ, ನೀರು ಕೊಡ್ಲಿಲ್ಲ.

ಟೊಮೇಟೊ ಮಂಡಿ (ಕೋಲಾರ)
ನಮ್ಗೇ ಇಲ್ಲ ಗುರು!

ನಂದಿ ತಪ್ಪಲು
ಮಸುಕಾಗಿದ್ರೂ ಗುರುತು ಸಿಗೋ ವಿಷಯಕ್ಕೆ ವಾಪಸ್ ಬರ್ತೀನಿ. ನಮ್ದು ದ್ರಾಕ್ಷಿ ತೋಟ, ಹಿಂದೆ ನಂದಿಬೆಟ್ಟ ಕಾಣುತ್ತೆ. ಗೊಂಚಲು ಮುಂದೆ, ಬೆಟ್ಟ ಹಿಂದೆ ಇಟ್ಟು ಎಲ್ಲಾ ಥರಾನೂ ತೆಗೆದು ನೋಡಿದ್ದೀನಿ. 18ರಲ್ಲಿ ಬೆಟ್ಟ ಚಪ್ಪರದ ಮೇಲೆ ಒಂದು ಗುಳ್ಳೆ ಅಷ್ಟೇ. 55ಕ್ಕೆ ಜೂಮ್ ಮಾಡಿ, ಗೊಂಚಲಿಂದ ಒಂದು ಮೀಟರ್ ದೂರ ನಿಂತು, ಎಫ್ 5.6ರಲ್ಲಿ ತೆಗೆದ್ರೆ ಬೆಟ್ಟ ಮೆತ್ತಗಾಗುತ್ತೆ, ಆದ್ರೆ ಟಿಪ್ಪು ಡ್ರಾಪ್ ಕಡೆಯ ಆ ನೇರ ಇಳಿಜಾರು ನೋಡಿದ ತಕ್ಷಣ ನಮ್ಮೂರಿನವರು "ನಂದಿ" ಅಂತಾರೆ. ಅದೇ 50 ಎಂಎಂ 1.8ರಲ್ಲಿ ತೆಗೆದ್ರೆ ಅದು ಯಾವ ಬೆಟ್ಟವಾದ್ರೂ ಆಗಬಹುದು.

ಯಾಕೆ ಹಿಂಗೆ ಮೇಷ್ಟ್ರೇ? 55, 50 ಎರಡೂ ಹೆಚ್ಚು ಕಡಿಮೆ ಒಂದೇ ಅಲ್ವಾ?

ಲೆಕ್ಕದ ಮೇಷ್ಟ್ರು (ಚಿಕ್ಕಬಳ್ಳಾಪುರ)
ಇದಕ್ಕೆ ಸುಲಭದ ಸೂತ್ರ ಇದೆ, ಬರ್ಕೊಳ್ಳಿ. ಫೋಕಲ್ ಲೆಂಗ್ತನ್ನ (ಲೆನ್ಸಿನ ಎಂಎಂ ಅಂಕಿ) ಎಫ್ ನಂಬರ್‌ನಿಂದ ಭಾಗಿಸಿ. ಅದು ಲೆನ್ಸಿನ ಕಿಂಡಿಯ ವ್ಯಾಸ. 55/5.6 ಅಂದ್ರೆ ಸುಮಾರು 10 ಮಿಮೀ. 50/1.8 ಅಂದ್ರೆ 28 ಮಿಮೀ. 18/3.5 ಅಂದ್ರೆ 5 ಮಿಮೀ. 85/1.8 ಅಂದ್ರೆ 47.

ತುಂಬಾ ದೂರದ ಹಿನ್ನೆಲೆಯ ಒಂದೊಂದು ಬೆಳಕಿನ ಚುಕ್ಕೆಯೂ ನೀವು ಫೋಕಸ್ ಮಾಡಿದ ವಸ್ತು ಇರೋ ಜಾಗದಲ್ಲಿ ಅಷ್ಟೇ ವ್ಯಾಸದ ಬಿಲ್ಲೆಯಾಗಿ ಹರಡುತ್ತೆ. ಗೊಂಚಲಿನ ಪಕ್ಕ ಒಂದು ಸ್ಕೇಲ್ ಹಿಡಿದ್ರೆ ಬೆಟ್ಟದ ಮಸುಕು 10 ಮಿಮೀ ಅಂತ ಅಳೀಬಹುದು. ಒಂದು ಮೀಟರ್ ದೂರದಲ್ಲಿ ನಿಮ್ಮ 55ರ ಫ್ರೇಮಿಗೆ ಸಿಗೋ ಅಗಲ ಸುಮಾರು 40 ಸೆಂಮೀ, ಅದರಲ್ಲಿ 10 ಮಿಮೀ ಅಂದ್ರೆ 40ರಲ್ಲಿ ಒಂದು ಪಾಲು. ಬೆಟ್ಟದ ಅಂಚು ಉಳಿಯುತ್ತೆ. 50 ಎಂಎಂ 1.8ರಲ್ಲಿ ಅದು 16ರಲ್ಲಿ ಒಂದು ಪಾಲು. ಇಳಿಜಾರು, ತುದಿ ಎಲ್ಲಾ ನುಣ್ಣಗೆ.

ಹುಳದ ಮನೇಲಿ ಹಿನ್ನೆಲೆ ಅಷ್ಟು ದೂರ ಇರಲ್ಲ, ಗೋಡೆ ನಾಲ್ಕು ಹೆಜ್ಜೆ. ಅಲ್ಲಿ ಮಸುಕು ಇದಕ್ಕಿಂತ ಕಮ್ಮಿ ಬರುತ್ತೆ. ಆದ್ರೆ ಯಾವ ಲೆನ್ಸು ಎಷ್ಟು ಕರಗಿಸುತ್ತೆ ಅಂತ ಅಂದಾಜಿಗೆ ಇಷ್ಟು ಸಾಕು.

ಮೊಬೈಲೇ ಸಾಕು
ಇದನ್ನ ಯೂಟ್ಯೂಬ್‌ನಲ್ಲಿ ಯಾರೂ ಹೇಳಲ್ಲ ಸಾರ್. ಸ್ಕ್ರೀನ್‌ಶಾಟ್ ತಗೊಂಡೆ.

ಚಿಂತಾಮಣಿ ಕ್ಯಾಂಡಿಡ್
ಎಲ್ರೂ ಹಿನ್ನೆಲೆ ಹಿನ್ನೆಲೆ ಅಂತಿದ್ದೀರಿ. ಮುನ್ನೆಲೆ ಬ್ಲರ್ ಮಾಡಿ ನೋಡಿ. ನೈಲಾನ್ ಪರದೆಗೆ ಲೆನ್ಸ್ ಅಂಟಿಸಿ ಹಿಡಿದು 1.8ಕ್ಕೆ ಒಳಗಿನವರ ಮೇಲೆ ಫೋಕಸ್ ಮಾಡಿದ್ರೆ ಪರದೆಯ ಎಳೆ ಕಾಣೋದೇ ಇಲ್ಲ, ಚಿತ್ರದ ಮೇಲೆ ತೆಳ್ಳಗೆ ಒಂದು ಮಂಜು ಕೂತ ಹಾಗೆ ಬರುತ್ತೆ. ಅದೇ ಪರದೆಯಿಂದ ಎರಡು ಅಡಿ ಹಿಂದಕ್ಕೆ ಬಂದು ಎಫ್ 8 ಮಾಡಿ ಪರದೆಗೇ ಫೋಕಸ್ ಇಡಿ, ಎಳೆ ಎಳೆಯೂ ಎದ್ದು ಕಾಣುತ್ತೆ, ಒಳಗಿನವರು ಪರದೆ ಹಿಂದೆ ಇದ್ದಾರೆ ಅಂತ ಗೊತ್ತಾಗುತ್ತೆ. ನಿಮ್ಮ ಸರಣಿಗೆ ಎರಡನೇದೇ ಚೆಂದ. ಊಜಿ ನೊಣದ ಕಥೆಯೂ ಸೇರುತ್ತೆ.

ಮೊಗ್ಗಿನ ಜಡೆ (ಗೌರಿಬಿದನೂರು)
ಈ ಐಡಿಯಾ ನಾನು ಕದೀತೀನಿ.

ಹಳೇ ರೋಲು
ಚಂದ್ರಿಕೆ, ಅಭ್ಯಾಸಕ್ಕೆ ನಂದಿಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಕಲ್ಯಾಣ ಮಂಟಪದ ಆ ಕರಿಕಲ್ಲಿನ ಕಂಬಗಳಲ್ಲಿ ಗಿಳಿ, ಬಳ್ಳಿ ಕೆತ್ತನೆ ಇದೆಯಲ್ಲ, ಒಂದು ಕಂಬಕ್ಕೆ ಫೋಕಸ್ ಮಾಡಿ ಎಫ್ 2, 4, 8, 11 ಅಂತ ತೆಗೀತಾ ಹೋಗಿ. ಯಾವ ನಂಬರ್‌ನಲ್ಲಿ ಹಿಂದಿನ ಕಂಬ "ಕಂಬ" ಆಯ್ತು, ಯಾವುದರಲ್ಲಿ ಕೆತ್ತನೆ ಕಾಣಿಸ್ತು ಅಂತ ಮನೇಲಿ ದೊಡ್ಡ ಪರದೆ ಮೇಲೆ ನೋಡಿ. ಕೆಲವು ಸಲ 4ಕ್ಕೇ ಸಾಕಾಗುತ್ತೆ. ಟ್ರೈಪಾಡ್ ತಗೊಂಡು ಹೋಗ್ಬೇಡಿ, ಪುರಾತತ್ವ ಇಲಾಖೆ ಜಾಗ, ಅನುಮತಿ ಇಲ್ಲದೆ ಇಡೋ ಹಾಗಿಲ್ಲ. ಜಗಲಿ ಮೇಲೆ ಕ್ಯಾಮೆರಾ ಕೂರಿಸಿ ಟೈಮರ್ ಹಾಕಿ.

ಇನ್ನೊಂದು ಮಾತು. ಒಳಗೆ ಕನ್ನಡಿ ಇರೋ ಡಿಎಸ್‌ಎಲ್‌ಆರ್ ಕ್ಯಾಮೆರಾ ಆಗಿದ್ರೆ ಕಣ್ಣಿಟ್ಟು ನೋಡೋ ಕಿಂಡಿ ಒಳಗೆ ಕಾಣೋ ಬ್ಲರ್ ನಂಬಬೇಡಿ. ನೋಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತೆ, ನೀವು ಇಟ್ಟ ಎಫ್ ನಂಬರ್‌ಗೆ ಮುಚ್ಚೋದು ಒತ್ತಿದಾಗ. ಕೆಲವು ಕ್ಯಾಮೆರಾಗಳಲ್ಲಿ ಲೆನ್ಸ್ ಬುಡದ ಹತ್ರ ಪ್ರಿವ್ಯೂ ಗುಂಡಿ ಇರುತ್ತೆ, ಅದನ್ನ ಒತ್ತಿ ಹಿಡಿದು ನೋಡಿ. ಕತ್ತಲಾಗುತ್ತೆ, ಆದ್ರೆ ನಿಜ ಕಾಣುತ್ತೆ.

ನಂದಿ ತಪ್ಪಲು
ಬೆಟ್ಟದ ಮೇಲಕ್ಕೆ ಹೋಗೋ ಪ್ಲಾನ್ ಇದ್ರೆ ಶನಿವಾರ ಭಾನುವಾರ ಬೇಡ. ಸೂರ್ಯ ಹುಟ್ಟೋದಕ್ಕೆ ಮುಂಚೆ ಬೆಂಗಳೂರಿನ ಕಾರೆಲ್ಲಾ ಅಲ್ಲೇ ಹುಟ್ಟಿರುತ್ತೆ. ಮಂಗಗಳು ಲೆನ್ಸ್ ಕ್ಯಾಪ್ ಕಿತ್ಕೊಂಡು ಹೋಗ್ತಾವೆ, ಬ್ಯಾಗ್ ಜಿಪ್ ಹಾಕಿಡಿ.

ಟೊಮೇಟೊ ಮಂಡಿ (ಕೋಲಾರ)
ಅಂತರಗಂಗೆಗೆ ಬನ್ನಿ, ಅಲ್ಲಿ ಮಂಗಗಳು ಕ್ಯಾಮೆರಾ ಸಮೇತ ಕೇಳ್ತಾವೆ.

ಚಂದ್ರಿಕೆ (ಶಿಡ್ಲಘಟ್ಟ)
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಕಿಟ್ ಲೆನ್ಸ್ ಹಾಕಿ 18ರಲ್ಲಿ 3.5ಕ್ಕೆ ಚಂದ್ರಿಕೆ ಮೇಲೆ ಹುಳ ಬಿಡೋದನ್ನ ತೆಗೆದೆ. ಅಮ್ಮನ ಕೈ, ಬಿದಿರಿನ ಸುತ್ತು, ಹಿಂದೆ ಗೋಡೆಗೆ ಒರಗಿಸಿರೋ ಇನ್ನೊಂದು ಸಾಲು, ಬಾಗಿಲ ಬಳಿ ಚೆಲ್ಲಿರೋ ಸುಣ್ಣದ ಪುಡಿ ತನಕ ಇದೆ. ಐಎಸ್‌ಒ 6400, ಕಾಳು ಕಾಳು ಬಂದಿದೆ, ಆದ್ರೆ ಪ್ರಿಂಟ್‌ನಲ್ಲಿ ಅಷ್ಟೇನೂ ಕಾಣಲ್ಲ ಅನ್ಸುತ್ತೆ. ಪರದೆ ಫೋಟೋ ಇನ್ನೂ ಬಾಕಿ.

ಒಂದು ಡೌಟು. ನೂಲು ಬಿಚ್ಚೋ ರೀಲಿಂಗ್ ಮನೇಲಿ ಗೂಡು ಬೇಯಿಸೋ ಬೇಸಿನ್‌ನಿಂದ ಹಬೆ ಬರುತ್ತಲ್ಲ, ಅಲ್ಲಿ ಏನು ಮಾಡೋದು? ಹಬೆಗೇ ಆಟೋಫೋಕಸ್ ಹಿಡ್ಕೊಳ್ಳುತ್ತೆ.

ಮೊಗ್ಗಿನ ಜಡೆ (ಗೌರಿಬಿದನೂರು)
ಆಟೋ ಆಫ್ ಮಾಡಿ. ಬೇಸಿನ್ ಅಂಚಿಗೆ ಫೋಕಸ್ ಇಟ್ಟು ಲಾಕ್ ಮಾಡಿ. ಹೋದ ತಕ್ಷಣ ಲೆನ್ಸ್ ಮೇಲೆ ಹಬೆ ಕೂರುತ್ತೆ, ಒರೆಸೋಕೆ ಹೋಗ್ಬೇಡಿ. ಹತ್ತು ನಿಮಿಷ ಕ್ಯಾಮೆರಾ ಆ ಬಿಸಿಗೆ ಹೊಂದ್ಕೊಳ್ಳಲಿ, ತಾನೇ ಆರುತ್ತೆ.

ಲೆಕ್ಕದ ಮೇಷ್ಟ್ರು (ಚಿಕ್ಕಬಳ್ಳಾಪುರ)
ಅಲ್ಲಿ ಹಬೆಯೇ ಹಿನ್ನೆಲೆಯನ್ನ ಹಿಂದಕ್ಕೆ ತಳ್ಳುತ್ತೆ, ಅದರ ಮೇಲೆ 1.8 ಬೇರೆ ಬೇಡ. 24 ಎಂಎಂ ಸುತ್ತಮುತ್ತ, ಎಫ್ 4. ಹಬೆ ಹಿಂದಿನಿಂದ ಕಿಟಕಿ ಬೆಳಕು ಬರೋ ಹಾಗೆ ನಿಲ್ಲಿ.

ಬಾಗೇಪಲ್ಲಿ ಬಿಸಿಲು
ಫುಲ್ ಫ್ರೇಮ್ ತಗೊಂಡ್ರೆ ಬ್ಲರ್ ಜಾಸ್ತಿ ಬರುತ್ತೆ ಅಂತಾರಲ್ಲ, ನಿಜಾನಾ ಮೇಷ್ಟ್ರೇ? ತಗೊಳ್ಳೋಣ ಅಂತಿದ್ದೀನಿ.

ಲೆಕ್ಕದ ಮೇಷ್ಟ್ರು (ಚಿಕ್ಕಬಳ್ಳಾಪುರ)
ಅದೇ ಲೆನ್ಸು, ಅದೇ ಜಾಗದಲ್ಲಿ ನಿಂತು ತೆಗೆದು ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ಹಾಕಿದ್ರೆ ಕ್ರಾಪ್‌ನಲ್ಲೇ ಆಳ ಕಮ್ಮಿ, ಹಿಗ್ಗಿಸೋದು ಜಾಸ್ತಿ ಆಗೋದ್ರಿಂದ. ಅದೇ ಲೆನ್ಸಲ್ಲಿ ಮನುಷ್ಯ ಎರಡರಲ್ಲೂ ಒಂದೇ ಗಾತ್ರಕ್ಕೆ ಬರಬೇಕು ಅಂದ್ರೆ ಫುಲ್ ಫ್ರೇಮ್‌ನವನು ಹತ್ರ ಹೋಗ್ಬೇಕು. ಹತ್ರ ಹೋಗಿದ್ದಕ್ಕೆ ಬ್ಲರ್ ಜಾಸ್ತಿ ಆಯ್ತು.

ಚಿಂತಾಮಣಿ ಕ್ಯಾಂಡಿಡ್
ಮೇಷ್ಟ್ರೇ, ಇದು ಮಾತ್ರ ನಾನು ಒಪ್ಪಲ್ಲ. ಎರಡೂ ಬಾಡಿ ನನ್ನ ಹತ್ರ ಇದೆ. ಭಾನುವಾರ ಮದುವೆ ಇಲ್ಲ, ಒಂದೇ 85 ಹಾಕಿ ಎರಡರಲ್ಲೂ ತೆಗೆದು ಇಲ್ಲೇ ಹಾಕ್ತೀನಿ.

ಲೆಕ್ಕದ ಮೇಷ್ಟ್ರು (ಚಿಕ್ಕಬಳ್ಳಾಪುರ)
ಹಾಕಿ. ಒಂದೇ ಜಾಗದಲ್ಲಿ ನಿಂತು ಒಂದು, ಮುಖ ಒಂದೇ ಗಾತ್ರ ಬರೋ ಹಾಗೆ ಇನ್ನೊಂದು. ಎರಡೂ ಜೊತೆ ಬೇಕು.